ಎರಡೂ ಆಮ್ಲ 0.1 ಮೋಲಾರ್ (ಲೀಟರಿಗೆ 0.1 ಮೋಲ್), ಪಿಎಚ್ (ಆಮ್ಲೀಯತೆಯ ಅಳತೆ) ಮಾತ್ರ ಬೇರೆ ಯಾಕೆ?

ಪ್ರಶ್ನೆ: ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪಿಎಚ್ 1 ಬಂತು. ಅದೇ ಲೆಕ್ಕ ಅಸಿಟಿಕ್ ಆಮ್ಲಕ್ಕೂ ಹಾಕಿದೆ, ಮತ್ತೆ 1. ಪಿಎಚ್ ಮೀಟರ್ ಮಾತ್ರ 2.9 ತೋರಿಸುತ್ತಿದೆ. ಮೂರು ಸಲ ತೊಳೆದು ನೋಡಿದೆ, ಮತ್ತೆ ಅಷ್ಟೇ ಬರುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಮೀಟರ್ ಸರಿಯಾಗೇ ಇದೆ. ಅಸಿಟಿಕ್ ಆಮ್ಲ ನೀರಲ್ಲಿ ಪೂರ್ತಿ ಒಡೆಯುವುದಿಲ್ಲ. ನೂರು ಅಣುಗಳಲ್ಲಿ ಒಂದೋ ಎರಡೋ ಮಾತ್ರ ಹೈಡ್ರೋಜನ್ ಅಯಾನು ಬಿಡುತ್ತವೆ. ಅದಕ್ಕೇ ವಿಯೋಜನ ಸ್ಥಿರಾಂಕ (ಆಮ್ಲ ಎಷ್ಟು ಒಡೆಯುತ್ತದೆ ಎಂದು ಹೇಳುವ ಸಂಖ್ಯೆ) ಬೇಕು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.8 × 10⁻⁵. ಅದನ್ನು 0.1ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 0.00134, ಇದೇ ಹೈಡ್ರೋಜನ್ ಅಯಾನಿನ ಸಾರತೆ. ಲಾಗ್ ತಗೊಂಡು ಚಿಹ್ನೆ ಬದಲಿಸಿದರೆ 2.87.

ಇನ್ನೊಬ್ಬರು: ಈ ವರ್ಗಮೂಲದ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಒಡೆದ ಪಾಲು ಶೇ 5 ದಾಟಿದರೆ ವರ್ಗ ಸಮೀಕರಣವನ್ನೇ ಬಿಡಿಸಿ.

ಕೇಳಿದವರು: 2.87 ಬಂತು! ಸುಮ್ನೆ ಮೀಟರ್ ಮೇಲೆ ಅನುಮಾನಪಟ್ಟೆ. ಈಗ 0.001 ಮೋಲಾರ್‌ಗೆ ಪಾಲು ಶೇ 13 ಬರುತ್ತಿದೆ, ಅಲ್ಲಿ ಸಮೀಕರಣವೇ ಬೇಕು ಅಲ್ವಾ?

ಉತ್ತರ: ಹೌದು, ಅಲ್ಲಿ ಬೇಕೇ ಬೇಕು.