ಸಮಸ್ಯಾಪೂರಣ: ನಟ್ಟಿರುಳಿನಲಿ ಹೊಳೆಯ ನೀರಲಿ ಸೂರ್ಯ ತೇಲಿದನು

ಈ ಸಲದ ಸಮಸ್ಯೆ ಇದು. ಭಾಮಿನಿ ಷಟ್ಪದಿಯ ಆರನೆಯ ಸಾಲು; ಮೇಲಿನ ಐದನ್ನು ನೀವು ಕಟ್ಟಬೇಕು.

ನಟ್ಟಿರುಳಿನಲಿ ಹೊಳೆಯ ನೀರಲಿ ಸೂರ್ಯ ತೇಲಿದನು

ಸೂರ್ಯ ಕಡಲಿಗೆ ಇಳಿಯುವುದನ್ನು ಕಾರವಾರದಿಂದ ಭಟ್ಕಳದವರೆಗೆ ನಾವೆಲ್ಲ ದಿನವೂ ನೋಡುತ್ತೇವೆ. ನಡುರಾತ್ರಿಯಲ್ಲಿ, ಅದೂ ಹೊಳೆಯಲ್ಲಿ ತೇಲುವುದು ಹೇಗೆ? ದಾರಿ ಒಂದನ್ನೇ ಕೊಡುತ್ತೇನೆ: ಸೂರ್ಯನ ಮಗ ಕರ್ಣನ ಹುಟ್ಟು. ಮಹಾಭಾರತದ ವನಪರ್ವದ ಕುಂಡಲಾಹರಣದ ಭಾಗದಲ್ಲಿ ಪೃಥೆ, ಅಂದರೆ ಕುಂತಿ, ದಾದಿಯೊಬ್ಬಳ ಜೊತೆ ಅಶ್ವನದಿಯ ದಡಕ್ಕೆ ಹೋಗುವುದು ನಡುರಾತ್ರಿಯಲ್ಲೇ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ನಮ್ಮ ತಾಳಮದ್ದಲೆಗಳಲ್ಲಿ ಈ ಸಂಗತಿಯನ್ನು ಕರ್ಣಭೇದನ ಪ್ರಸಂಗದ ಕೃಷ್ಣನ ಬಾಯಿಂದ ಕೇಳಿ ರೂಢಿ. ಅಲ್ಲಿ ಅದು ಕರ್ಣನನ್ನು ಒಲಿಸಿಕೊಳ್ಳಲು ಹೂಡಿದ ವಾದ. ಆ ರಾತ್ರಿಯನ್ನೇ ಎದುರಿಗೆ ನಿಲ್ಲಿಸಿ ನೋಡಬೇಕೆಂಬ ಆಸೆಯಿಂದ ಈ ಸಾಲು ಕೊಟ್ಟಿದ್ದೇನೆ.

ಲೆಕ್ಕ ಗೊತ್ತಿರುವುದೇ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 3, 4, 3, 4 ಮಾತ್ರೆ. ಮೂರು ಮತ್ತು ಆರನೆಯವು ಅದರ ಒಂದೂವರೆಯಷ್ಟು, ಕೊನೆಗೊಂದು ಗುರು (ಎರಡು ಮಾತ್ರೆಯೆಂದು ಎಣಿಸುವ ಅಕ್ಷರ). ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಟ್ಟ’. ಪೆಟ್ಟಿಗೆ, ತೊಟ್ಟಿಲು, ಹುಟ್ಟು, ಗುಟ್ಟು, ಹೊಟ್ಟೆ: ಈ ಕಥೆಗೆ ಬೇಕಾದ ಮಾತುಗಳೆಲ್ಲ ಆ ಒಂದು ಒತ್ತಕ್ಷರದೊಳಗೇ ಇವೆ.

ಹೊನ್ನಾವರದಿಂದ ಮೊದಲ ಪೂರಣ:

ತೊಟ್ಟ ಕವಚದ ಹೊನ್ನ ಬೆಳಕದು
ಬಿಟ್ಟ ಬಿರುಕಲಿ ಹೊರಗೆ ಸೂಸಲು
ಪೆಟ್ಟಿಗೆಯ ಕಂಡಂಬಿಗರು ಕೈಮುಗಿದು ಬೆರಗಾಗಿ
ಹುಟ್ಟನತ್ತಲೆ ಬಿಸುಟು ನುಡಿದರು
ಕಟ್ಟಕಡೆಗಿದ ಕಂಡೆವಣ್ಣಾ
ನಟ್ಟಿರುಳಿನಲಿ ಹೊಳೆಯ ನೀರಲಿ ಸೂರ್ಯ ತೇಲಿದನು

ಭಲೇ ತಮ್ಮಾ! ನಾಲ್ಕನೆಯ ಸಾಲಿನ ‘ಹುಟ್ಟು’ ದೋಣಿಯದು ಎಂದು ಹೊಳೆಬದಿಯಲ್ಲಿ ಬೆಳೆದವರಿಗೇ ಮೊದಲು ಹೊಳೆಯುತ್ತದೆ. ಅಂಬಿಗರು ಮಾತನಾಡುವ ಧಾಟಿಯೂ ಬಲು ಸಹಜವಾಗಿದೆ.

ಆದರೆ ಶಿರಸಿಯ ಮಾಸ್ತರರು ಕೂಡಲೇ ಆಕ್ಷೇಪ ಎತ್ತಿದರು. “ಪೆಟ್ಟಿಗೆಗೆ ಬಿರುಕು ಬಿಡಬೇಡಿ. ಮೇಣ ಬಳಿದು, ಒಳಗೆ ಮೆತ್ತನೆ ಹಾಸಿ, ಮುಚ್ಚಳ ಭದ್ರಪಡಿಸಿದ ಪೆಟ್ಟಿಗೆ ಎಂದು ಮೂಲದಲ್ಲೇ ಇದೆ. ನೀರು ಹೋಗದ ಕಡೆ ಬೆಳಕು ಹೊರಗೆ ಬರುವುದು ಹೇಗೆ? ಅಂಬಿಗರು ಕಂಡಿದ್ದರೆ ಗುಟ್ಟು ಅಂದೇ ರಟ್ಟಾಗುತ್ತಿತ್ತು.”

ಆಕ್ಷೇಪ ಎತ್ತಿದವರು ತಾವೇ ಬರೆದೂ ತೋರಿಸಿದರು:

ಮುಟ್ಟಿ ಮುದ್ದಿಸಿ ತುಟಿಯ ಕಚ್ಚುತ
ಪೆಟ್ಟಿಗೆಗೆ ಜೇನ್ಮೇಣ ಬಳಿದಳು
ಕಟ್ಟಕಡೆಯೊಂದೆಳೆಯ ಬಿರುಕೂ ಮುಚ್ಚಿ ಬೆಳಕಡಗೆ
ಕೊಟ್ಟಳಲೆಗಳ ಕೈಗೆ ಕೂಸನು
ಗುಟ್ಟು ಬಲ್ಲವರಿಬ್ಬರಷ್ಟೇ
ನಟ್ಟಿರುಳಿನಲಿ ಹೊಳೆಯ ನೀರಲಿ ಸೂರ್ಯ ತೇಲಿದನು

ಮಾಸ್ತರರೇ, ಇದನ್ನು ಓದಿ ನಾನು ತುಂಬ ಹೊತ್ತು ಸುಮ್ಮನೆ ಕುಳಿತೆ. ಸಮಸ್ಯೆ ಕೊಡುವಾಗ ನನ್ನ ಮನಸ್ಸಿನಲ್ಲಿದ್ದದ್ದೂ ಥಳಥಳಿಸುವ ಪೆಟ್ಟಿಗೆಯೇ. ನೀವು ಬೆಳಕನ್ನು ಪೂರ್ತಿ ಆರಿಸಿಬಿಟ್ಟಿರಿ. ಯಾರೂ ಕಾಣದ ಸೂರ್ಯನೇ ನಡುರಾತ್ರಿಯಲ್ಲಿ ತೇಲಬಲ್ಲ. ಸಮಸ್ಯೆಯ ಗಂಟು ಬಿಚ್ಚಿದ್ದು ಅಲ್ಲಿ. ಕುಂತಿಯ ಹೆಸರೂ ಇಲ್ಲ, ಕರ್ಣನ ಹೆಸರೂ ಇಲ್ಲ. ಮೇಣ ಹಚ್ಚುವ ಬೆರಳು ಮಾತ್ರ ಕಣ್ಣಿಗೆ ಕಟ್ಟುತ್ತದೆ. ತನ್ನ ಮಗುವಿನ ಮೈಯ ಬೆಳಕನ್ನು ತಾನೇ ಒಂದೊಂದು ಸಂದಿನಲ್ಲೂ ಮುಚ್ಚುತ್ತ ಬರುವ ಹುಡುಗಿಯ ಸಂಕಟಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ನಡುವೆ ಬಂದ ಎರಡು ಪೂರಣಗಳನ್ನು ಬೇಗ ಮುಗಿಸುತ್ತೇನೆ. ಒಂದರಲ್ಲಿ ‘ಕಟುಕ’, ‘ತಟದ’ ಎಂದು ಒಂಟಿ ‘ಟ’ಕಾರ ಇದೆ, ‘ಟ್ಟ’ ಪ್ರಾಸಕ್ಕೆ ಅದು ಸಲ್ಲುವುದಿಲ್ಲ, ತಿದ್ದಿ ಕಳಿಸಿ. ಇನ್ನೊಂದು ತದಡಿಯ ಕಡೆಯದು: ಉಬ್ಬರದ ನೀರು ಪೆಟ್ಟಿಗೆಯನ್ನು ಹಿಂದಕ್ಕೆ ತಂದು ತಾಯಿಯ ಕಾಲಿಗೆ ಮುಟ್ಟಿಸುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಹೊಳೆ ಹಿಂದಕ್ಕೆ ಹರಿಯುವುದನ್ನು ಕಂಡವರಿಗೇ ಬರುವ ಕಲ್ಪನೆ, ಮನಸ್ಸಿಗೆ ನಾಟಿತು. ಆದರೂ ಒಪ್ಪಲಾರೆ. ಅಶ್ವನದಿಯಿಂದ ಚರ್ಮಣ್ವತಿಗೆ, ಅಂದರೆ ಇಂದಿನ ಚಂಬಲ್‌ಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ, ಗಂಗೆಯಲ್ಲಿ ಅಂಗದೇಶದ ಚಂಪಾನಗರಿಗೆ: ಪೆಟ್ಟಿಗೆಯ ದಾರಿ ಇದು. ಕಡಲಿನಿಂದ ಅಷ್ಟು ದೂರದ ನೀರಿಗೆ ಉಬ್ಬರ ಇಲ್ಲ. ಬಿಟ್ಟದ್ದು ತಿರುಗಿ ಬರುವುದಿಲ್ಲ. ಕುಂತಿಗೂ ಅದು ಗೊತ್ತು. ಆದ್ದರಿಂದಲೇ ನೀರಿನಲ್ಲಿ ವರುಣ ಕಾಯಲಿ, ಎಲ್ಲೆಡೆ ನಿನ್ನ ತಂದೆ ಕಾಯಲಿ ಎಂದು ಹರಸುತ್ತಾಳೆ. ಪರದೇಶದಲ್ಲಿದ್ದರೂ ಈ ಕವಚದಿಂದ ನಿನ್ನ ಗುರುತು ಹಿಡಿಯುತ್ತೇನೆ ಎನ್ನುತ್ತಾಳೆ. ನಿನಗೆ ಮೊಲೆಯೂಡುವ ಹೆಂಗಸು ಧನ್ಯಳು ಎಂಬ ಮಾತೂ ಅದೇ ಅಳುವಿನ ನಡುವೆ ಬರುತ್ತದೆ.

ಆ ಮಾತಿನ ಎಳೆ ಹಿಡಿದು, ಕರ್ಣನ ಸಾಕುತಾಯಿ ರಾಧೆಯ ಬಾಯಲ್ಲಿ, ಕಾರವಾರದ ಅಕ್ಕನವರು ಬರೆದದ್ದು:

ತೊಟ್ಟಿಲಿಲ್ಲದ ಮನೆಯ ರಾಧೆಯು
ನೆಟ್ಟ ದಿಟ್ಟಿಗೆ ಬಿದ್ದ ಕೂಸನು
ಮುಟ್ಟಿದಾಕ್ಷಣ ಮೊಲೆಯ ಹಾಲುಕ್ಕುತಿರೆ ನುಡಿದಿಹಳು
ಬಿಟ್ಟಳಾರೋ ತಾಯಿ ಕರುಳನು
ಹೊಟ್ಟೆ ತಣಿಯಿತು ನಮ್ಮ ಪಾಲಿಗೆ
ನಟ್ಟಿರುಳಿನಲಿ ಹೊಳೆಯ ನೀರಲಿ ಸೂರ್ಯ ತೇಲಿದನು

ಅಕ್ಕಾ, ‘ನಮ್ಮ ಪಾಲಿಗೆ’ ಎಂಬ ಎರಡೇ ಮಾತಿನಿಂದ ನಟ್ಟಿರುಳು ಹೊಳೆಯಿಂದ ಎದ್ದು ಮಕ್ಕಳಿಲ್ಲದ ಮನೆಯೊಳಗೆ ಬಂದು ಕುಳಿತಿತು. ಗಂಗೆಯ ದಡದಲ್ಲಿ ಪೆಟ್ಟಿಗೆಯನ್ನು ಮೊದಲು ಕಂಡವಳೂ ರಾಧೆಯೇ. ಅದನ್ನು ತೆರೆಸಿದವನು ಅವಳ ಗಂಡ, ಸೂತನಾದ ಅಧಿರಥ. ‘ನುಡಿದಿಹಳು’ ಮಾತ್ರ ಮಾತ್ರೆ ತುಂಬಲು ಬಂದಂತಿದೆ, ಇನ್ನೊಮ್ಮೆ ನೋಡಿ. ಹೆತ್ತವಳ ಮೇಲೆ ರಾಧೆ ಒಂದು ಬಿರುನುಡಿಯನ್ನೂ ಆಡುವುದಿಲ್ಲ; ‘ಕರುಳನು ಬಿಟ್ಟಳು’ ಎಂದು ಮರುಗುತ್ತಾಳೆ. ಆ ಸಾಲನ್ನು ಯಾವ ಕಾರಣಕ್ಕೂ ಬದಲಿಸಬೇಡಿ.

ಮಾಸ್ತರರ ಪೂರಣಕ್ಕೂ ಅಕ್ಕನವರದಕ್ಕೂ ನಡುವೆ ಮೇಲುಕೀಳು ಮಾಡಲು ನನಗೆ ಮನಸ್ಸಿಲ್ಲ. ಪದ್ಯ ಕಟ್ಟಿದ ರೀತಿಯಲ್ಲಿ ಮಾಸ್ತರರದು ಒಂದು ಕೂದಲು ಮುಂದಿದೆ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ಬಾಗಿಲನ್ನು ಯಾರೂ ತಟ್ಟಿಲ್ಲ. ಮಗು ವಸುಷೇಣನೆಂಬ ಹೆಸರಿನಲ್ಲಿ ಸೂತನ ಮನೆಯಲ್ಲಿ ಬೆಳೆಯುತ್ತಿರುವುದು ಕುಂತಿಗೆ ಚಾರರ ಮೂಲಕ ತಿಳಿದಿತ್ತು. ಬಿರುಕು ಮುಚ್ಚಿದವಳು ಕಿವಿಯನ್ನು ತೆರೆದೇ ಇಟ್ಟಿದ್ದಳು. ಆ ಚಾರನೊಬ್ಬ ಚಂಪಾನಗರಿಯಿಂದ ಬಂದು ಅವಳ ಮುಂದೆ ನಿಂತು ಏನು ಹೇಳಿದ? ಇದೇ ಸಾಲು ಅವನ ಬಾಯಲ್ಲಿ ಬರುವಂತೆ ಭಾನುವಾರದೊಳಗೆ ಬರೆಯಿರಿ. ಪ್ರಾಸ ಅದೇ, ಮೂರನೆಯ ಸಾಲಿನ ಕೊನೆಯ ಗುರುವನ್ನು ಮರೆಯಬೇಡಿ.