ಪದಚರ್ಚೆ: ‘ಕಂಪ್ಲಯನ್ಸ್’ ಎಂಬುದಕ್ಕೆ ಫಲಕದ ಮೇಲೆ ಏನು ಬರೆಯಬೇಕು?

ಪ್ರಶ್ನೆ:

ಮಾನ್ಯರೇ, ನಮ್ಮ ಜಿಲ್ಲೆಯ ಕೆಲವು ಸಣ್ಣ ಸ್ವಯಂಸೇವಾ ಸಂಸ್ಥೆಗಳು ಸೇರಿ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಗೆ ತಕ್ಕಂತೆ ಲೆಕ್ಕಪತ್ರ ಇಡುವುದನ್ನು ಒಬ್ಬರಿಗೊಬ್ಬರು ಕಲಿಸಿಕೊಳ್ಳಲು ಒಂದು ಕೊಠಡಿ ತೆರೆಯುತ್ತಿವೆ. ಬಾಗಿಲಿನ ಫಲಕದ ಬರಹ ಸೋಮವಾರದೊಳಗೆ ಬರೆಯುವವರ ಕೈ ಸೇರಬೇಕು. ‘ಕಂಪ್ಲಯನ್ಸ್’, ಎಂದರೆ ಕಾಯ್ದೆ ಹೇಳಿದಂತೆ ನಡೆಯುವುದು, ಎಂಬುದಕ್ಕೆ ಕನ್ನಡದ ಪದ ಬೇಕು. ‘ಅನುಪಾಲನಾ ಒಕ್ಕೂಟ’ ಎಂದು ಒಬ್ಬರು, ‘ಬದ್ಧತಾ ಸಹಕಾರ ಕೇಂದ್ರ’ ಎಂದು ಇನ್ನೊಬ್ಬರು ಹಟ ಹಿಡಿದಿದ್ದಾರೆ. ಎರಡೂ ನನಗೆ ಹಿಡಿಸಿಲ್ಲ, ಕಾರಣ ಹೇಳಲು ಮಾತ್ರ ಬರುತ್ತಿಲ್ಲ. ಕೈಪಿಡಿಗಾಗಿ ‘ಸಬ್‌ಗ್ರಾಂಟ್’, ಎಂದರೆ ಒಂದು ಸಂಸ್ಥೆ ತಾನು ಪಡೆದ ಹಣವನ್ನು ಮತ್ತೊಂದಕ್ಕೆ ಕೊಡುವುದು, ಎಂಬುದಕ್ಕೂ ಒಂದು ಪದ ಬೇಕು. ‘ಉಪ ಅನುದಾನ’ ಸರಿಯೇ?

ಮೊದಲ ಉತ್ತರ:

‘ಬದ್ಧತೆ’ಯನ್ನು ಕೂಡಲೇ ಕೈಬಿಡಿ. ಅದು ಮನಸ್ಸಿನ ಗುಣ. ವಿದೇಶಿ ವಂತಿಗೆಯ ವಾರ್ಷಿಕ ಲೆಕ್ಕ ಒಪ್ಪಿಸುವ ಎಫ್‌ಸಿ-4 ನಮೂನೆಯನ್ನು ಡಿಸೆಂಬರ್ 31ರೊಳಗೆ ಸಲ್ಲಿಸುವುದಕ್ಕೆ ಮನಸ್ಸಿನ ಗುಣ ಸಾಲದು. ‘ಅನುಪಾಲನೆ’ಯ ತೊಡಕು ಬೇರೆ. ನಮ್ಮ ಕಚೇರಿಗಳಲ್ಲಿ ‘ಅನುಪಾಲನಾ ವರದಿ’ ಎಂದರೆ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಿದ ಮೇಲೆ, ಅಥವಾ ಸಭೆಯಲ್ಲಿ ಸೂಚನೆ ಬಂದ ಮೇಲೆ, ಅದಕ್ಕೆ ಕೊಡುವ ಸಮಜಾಯಿಷಿ ಎಂದೇ ರೂಢಿಯಾಗಿರುವುದರಿಂದ, ಆ ಫಲಕವನ್ನು ಓದಿದವರು ಒಳಗಿರುವವರೆಲ್ಲ ಈಗಾಗಲೇ ನೋಟಿಸು ಪಡೆದವರೆಂದು ತಿಳಿದಾರು. ನಿಮಗೆ ಬೇಕಿರುವುದು ತಪ್ಪಾಗುವ ಮೊದಲಿನ, ದಿನನಿತ್ಯದ ನಡೆ: ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಹಣ ಬರಿಸುವುದು, ಆಡಳಿತ ವೆಚ್ಚವನ್ನು ಹಿಂದಿನ ಶೇ 50ರ ಬದಲು ಶೇ 20ರೊಳಗೆ ಹಿಡಿಯುವುದು, ಇತ್ಯಾದಿ. ಸಮಯಪಾಲನೆ, ವ್ರತಪಾಲನೆ ಎನ್ನುವವರಿಗೆ ‘ನಿಯಮಪಾಲನೆ’ ಹೊಸದಲ್ಲ.

ಇನ್ನು ‘ಒಕ್ಕೂಟ’. ಹಾಲು ಒಕ್ಕೂಟ, ಸ್ತ್ರೀಶಕ್ತಿ ಒಕ್ಕೂಟ ಎಂದು ಕೇಳಿ ಬೆಳೆದ ಕಿವಿಗೆ ಅದು ಮೇಲಿನ ಸಂಸ್ಥೆಯಿಂದ ಕೆಳಗಿನ ಸಂಘಗಳಿಗೆ ಹಣ ಇಳಿದುಬರುವ ಏರ್ಪಾಟು. ತಿದ್ದುಪಡಿಯಾದ 7ನೇ ಕಲಮು ನಿಷೇಧಿಸಿರುವುದು ಅದನ್ನೇ: ವಿದೇಶಿ ವಂತಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ, ಅದೂ ನೋಂದಾಯಿತವೇ ಆಗಿದ್ದರೂ, ವರ್ಗಾಯಿಸುವಂತಿಲ್ಲ. ಹಾಗಿರುವಾಗ ಬಾಗಿಲ ಮೇಲೆಯೇ ‘ಒಕ್ಕೂಟ’ ಎಂದು ಬರೆದು ಇಲ್ಲದ ಅನುಮಾನವನ್ನು ಕರೆದು ಕೂರಿಸುವುದೇಕೆ? ‘ಸಹಕಾರ’ ಎಂದರೆ ಜನ ಸಾಲ ಕೇಳಲು ಬರುತ್ತಾರೆ. ‘ಸಹಯೋಗ’ ಇರಲಿ.

‘ಉಪ ಅನುದಾನ’ ಬೇಡವೇ ಬೇಡ. ಅನುದಾನಿತ ಶಾಲೆ, ಶಾಸಕರ ಅನುದಾನ ಎಂಬ ಬಳಕೆಯಿಂದ ಅನುದಾನವೆಂದರೆ ಸರ್ಕಾರದ ಹಣವೆಂದೇ ನಮ್ಮ ಜನರ ಎಣಿಕೆ. ‘ಉಪ ಅನುದಾನ ನಿಷೇಧ’ ಎಂದು ಓದಿದ ಹಳ್ಳಿಯ ಕಾರ್ಯದರ್ಶಿ ಪಂಚಾಯಿತಿಯಿಂದ ಬರುವ ದುಡ್ಡನ್ನೂ ಮುಟ್ಟದೆ ಬಿಟ್ಟಾನು. ಕಾಯ್ದೆಯ ಮಾತಿನಂತೆಯೇ ‘ವಂತಿಗೆಯ ವರ್ಗಾವಣೆ’ ಎನ್ನಿ.

ಎರಡನೆಯ ಉತ್ತರ:

ನಿಯಮ, ಪಾಲನೆ, ಸಹಯೋಗ, ವರ್ಗಾವಣೆ: ನಾಲ್ಕಕ್ಕೆ ನಾಲ್ಕೂ ಎರವಲು. ‘ಕಟ್ಟಳೆ ನಡೆಸುವ ಕೂಟ’ ಎಂದರೆ ಯಾರಿಗೆ ತಿಳಿಯದು? ವಂತು ಎಂಬ ಅಚ್ಚಗನ್ನಡದ ಬೇರಿನಿಂದ ‘ವಂತಿಗೆ’ಯನ್ನು ಉಳಿಸಿಕೊಂಡವರಿಗೆ ಉಳಿದದ್ದನ್ನು ಕನ್ನಡದಲ್ಲಿ ಹೇಳಲು ನಾಚಿಕೆ ಏಕೋ ಕಾಣೆ.

ಮೂರನೆಯ ಉತ್ತರ:

‘ವಂತು’ ಅಚ್ಚಗನ್ನಡವೆಂದು ಇಷ್ಟು ಗಟ್ಟಿಯಾಗಿ ಹೇಳುವ ಮುನ್ನ, ಪಾಲು ಎಂಬರ್ಥದ ಸಂಸ್ಕೃತದ ‘ವಂಟ’ವನ್ನೂ ಹಂಚುವುದೆಂಬ ಅರ್ಥದ ಮರಾಠಿಯ ‘ವಾಟಣೆ’ಯನ್ನೂ ಪಕ್ಕದಲ್ಲಿಟ್ಟು ನೋಡಬೇಕಿತ್ತು. ನಂಟು ಇದೆಯೆಂದು ನಾನು ಸಾಧಿಸುತ್ತಿಲ್ಲ. ಪ್ರಶ್ನೆ ತೀರ್ಮಾನವಾಗಿದೆಯೆಂಬ ಧಾಟಿಯನ್ನಷ್ಟೇ ಒಪ್ಪಲಾರೆ. ಕಾಯ್ದೆ, ಜಿಲ್ಲೆ, ತಾಲ್ಲೂಕುಗಳು ಅರಬ್ಬಿಯಿಂದಲೂ ರಸೀದಿ ಪಾರಸಿಯಿಂದಲೂ ಬಂದು ಮನೆಮಾತಾಗಿವೆ. ಅವುಗಳ ವಿಷಯದಲ್ಲಿ ಎಂದೂ ಏಳದ ಈ ಆಕ್ಷೇಪ ಸಂಸ್ಕೃತದ ಪದ ಕಂಡಾಗ ಮಾತ್ರ ಏಳುವುದು ವಿಚಿತ್ರ. ‘ಕಟ್ಟಳೆ’ ಒಳ್ಳೆಯ ಪದವೇ. ಆದರೆ ಮನೆತನದ, ಮಠದ, ಜಾತಿಯ ಕಟ್ಟಳೆಯೆಂಬ ನೆನಪು ಅದಕ್ಕೆ ಅಂಟಿಕೊಂಡಿದೆ, ಸಂಸತ್ತು ಮಾಡಿದ ಕಾಯ್ದೆಗೆ ಆ ವಾಸನೆ ಹೊಂದುವುದಿಲ್ಲ.

ಎರಡನೆಯ ಉತ್ತರ ಕೊಟ್ಟವರು ಮತ್ತೆ:

ವಾಸನೆ ಮೂಗಿನಲ್ಲಿದೆ, ಪದದಲ್ಲಿಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ‘ಸ್ವಯಂಸೇವಾ ಸಂಸ್ಥೆಗಳ ನಿಯಮಪಾಲನೆ ಸಹಯೋಗ ಕೇಂದ್ರ’ ಎಂದು ಬರೆಯಿಸುತ್ತಿದ್ದೇವೆ. ‘ಲಾಭರಹಿತ’ ಎಂಬುದನ್ನು ಬೇಕೆಂದೇ ಬಿಟ್ಟೆವು, ಏಕೆಂದರೆ ವರ್ಷದ ಕೊನೆಗೆ ನಾಲ್ಕು ಕಾಸು ಉಳಿಸುವುದು ತಪ್ಪಲ್ಲ, ಅದನ್ನು ಸದಸ್ಯರು ಹಂಚಿಕೊಳ್ಳುವುದು ತಪ್ಪು ಎಂಬ ಭೇದ ಆ ಪದದಲ್ಲಿ ಕಾಣುವುದಿಲ್ಲ. ಕೈಪಿಡಿಯಲ್ಲಿ ‘ಕಟ್ಟಳೆ’ಯನ್ನು ಸಂಸ್ಥೆಗಳು ತಮಗೆ ತಾವೇ ಮಾಡಿಕೊಂಡ ಒಳನಿಯಮಗಳಿಗೆ ಬಳಸಿಕೊಳ್ಳುತ್ತೇವೆ. ಫಲಕ ಬರೆಯುವವರು ‘ನಿಯಮಪಾಲನೆ’ ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ ಎನ್ನುತ್ತಿದ್ದಾರೆ. ‘ನಿಯಮ’ ಮೇಲೆ, ‘ಪಾಲನೆ’ ಕೆಳಗೆ ಬಂದರೆ ಸಮಾಸ ಒಡೆದಂತಾಗುತ್ತದೆಯೇ ಎಂಬುದನ್ನು ಭಾನುವಾರದೊಳಗೆ ತಿಳಿಸಿದರೆ ಉಪಕಾರ.