ಬಳಗದ ಗುಂಪಿನಲ್ಲಿ ಗ್ಯಾಸ್ ಪೈಪ್ ಜಗಳ

ಭಾನುವಾರ ಬೆಳಿಗ್ಗೆ ಸುಧಾ ಅತ್ತೆ ಕುವೆಂಪುನಗರದಿಂದ ಇದನ್ನು ಫಾರ್ವರ್ಡ್ ಮಾಡಿದರು:

"ತುರ್ತು ಎಚ್ಚರಿಕೆ!! ಅಣು ಸ್ಥಾವರದಿಂದ ಬರೀ 105 ಅಡಿ ದೂರದಲ್ಲಿ ಗ್ಯಾಸ್ ಪೈಪ್. ಒಂದು ಕಿಡಿ ಸಾಕು. ನಾಳೆ ಕೈಗಾ, ನಾಡಿದ್ದು ನಮ್ಮೂರು. ಮನೆಗೆ ಪೈಪ್ ಗ್ಯಾಸ್ ಹಾಕಿಸಬೇಡಿ. ಹತ್ತು ಜನಕ್ಕೆ ಕಳಿಸಿ."

ಸುಧಾ ಅತ್ತೆ: ನಮ್ಮ ಬೀದಿ ಅಗೆಯೋಕೆ ಶುರು ಮಾಡಿದ್ದಾರೆ. ನಾನು ಆವತ್ತೇ ಹೇಳಿದ್ದೆ. ಯಾರು ಕೇಳಿದ್ರಿ?

ಮಂಜು: ಅತ್ತೆ, ಇದು ಎಲ್ಲಿಂದ ಬಂತು? ಯಾವ ಪತ್ರಿಕೆ, ಯಾವ ತಾರೀಖು?

ಸುಧಾ ಅತ್ತೆ: ನಮ್ಮ ವಾಕಿಂಗ್ ಗುಂಪಿನವರು ಕಳಿಸಿದ್ದು. ಅವರ ಯಜಮಾನರು ಇಂಜಿನಿಯರ್ ಆಗಿದ್ದವರು.

ಮಂಜು: ಯಾವುದರ ಇಂಜಿನಿಯರ್?

ಸುಧಾ ಅತ್ತೆ: ದೊಡ್ಡವರನ್ನ ಹೀಗೆ ಅಡ್ಡ ಪ್ರಶ್ನೆ ಕೇಳೋದು ಯಾರು ಕಲಿಸಿದ್ರೋ ನಿನಗೆ? ಕೊರೊನಾ ಟೈಮಲ್ಲೂ ಹೀಗೇ ಮಾಡಿದ್ದೆ.

ಮಂಜು: ಕೊರೊನಾ ಟೈಮಲ್ಲಿ ನೀವು ಕಳಿಸಿದ್ದ ಕಷಾಯದ ಫಾರ್ವರ್ಡ್ ನೋಡಿ ಅಜ್ಜಿ ಎರಡು ದಿನ ಹೊಟ್ಟೆ ಉರಿ ಅಂತ ಮಲಗಿದ್ರು.

ಮಂಡ್ಯ ದೊಡ್ಡಪ್ಪ: ಇಬ್ಬರೂ ಸಾಕು ಮಾಡಿ. ಮನುಷ್ಯನ ಆಸೆಗೆ ಕೊನೆ ಇಲ್ಲ. 1902ರಲ್ಲೇ ಶಿವನಸಮುದ್ರದ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಸೀಮೆ ನಮ್ಮದು. ಆಗ ಅಣುವೂ ಬೇಕಿರಲಿಲ್ಲ, ಗ್ಯಾಸೂ ಬೇಕಿರಲಿಲ್ಲ. ಇದ್ದುದರಲ್ಲಿ ಬದುಕುವುದನ್ನು ಕಲಿಯಬೇಕು.

ರೂಪಕ್ಕ: ದೊಡ್ಡಪ್ಪ, ತಾತನ ಹಿತ್ತಲಲ್ಲಿ ಗೋಬರ್ ಗ್ಯಾಸ್ ಇರಲಿಲ್ವಾ! ಆ ಕಬ್ಬಿಣದ ಡ್ರಮ್ಮು ಮೇಲೆದ್ದರೆ ಗ್ಯಾಸ್ ತುಂಬಿದೆ ಅಂತ ಲೆಕ್ಕ. ನಾನೂ ಮಂಜೂ ಅದರ ಮೇಲೆ ಕೂತರೆ ಅಡುಗೆಮನೆಯಲ್ಲಿ ಉರಿ ಜೋರಾಗೋದು. ಅಜ್ಜಿ ಒಳಗಿಂದಲೇ "ಇಳೀರೋ, ರೊಟ್ಟಿ ಸೀದೋಗುತ್ತೆ" ಅಂತ ಕೂಗೋರು.

ಮಂಜು: ಹೌದು ರೂಪಕ್ಕ. ಡ್ರಮ್ಮಿನ ತುಕ್ಕೆಲ್ಲ ಚಡ್ಡಿಗೆ ಹತ್ತೋದು.

ರೂಪಕ್ಕ: ಆ ಅಕ್ಕಿ ರೊಟ್ಟಿ ರುಚಿ ಈಗ ಎಲ್ಲಿ ಬರುತ್ತೆ ಹೇಳು. ಅಜ್ಜಿ ಹುಚ್ಚೆಳ್ಳು ಚಟ್ನಿ ಮಾಡೋ ವಿಧಾನ ಯಾರಾದ್ರೂ ಬರೆದಿಟ್ಟಿದ್ದೀರಾ?

ಆಮೇಲೆ ಸುಮಾರು ಹೊತ್ತು ಹುಚ್ಚೆಳ್ಳಿನ ಮಾತೇ ನಡೆಯಿತು. ಫಾರ್ವರ್ಡನ್ನು ಪೂರ್ತಿ ಓದಿದವರು ಒಬ್ಬರೂ ಇರಲಿಲ್ಲ. ನನಗೆ ಬೇಜಾರಾಯಿತು. ಅದರೊಳಗೆ ಒಂದು ನಿಜವಾದ ಸಂಗತಿ ಇತ್ತು. ಅದಕ್ಕೇ ಬರೆದೆ.

ನಾನು: ಅತ್ತೆ, ಇದು ಕೈಗಾದ ಕಥೆ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿ ದಡದಲ್ಲಿ ಇಂಡಿಯನ್ ಪಾಯಿಂಟ್ ಅಂತ ಅಣು ಸ್ಥಾವರ ಇತ್ತು. ಆ ಜಾಗದಲ್ಲಿ ಹಳೇ ಗ್ಯಾಸ್ ಪೈಪ್‌ಗಳು ಮೊದಲಿಂದಲೂ ಇದ್ದವು. 2015ರಲ್ಲಿ 42 ಇಂಚಿನ ಹೊಸ ಪೈಪಿಗೂ ಒಪ್ಪಿಗೆ ಸಿಕ್ಕಿತು. ಸ್ಥಾವರದ ಮುಖ್ಯ ಕಟ್ಟಡಗಳಿಗೆ 105 ಅಡಿ ಹತ್ತಿರ ಬರುತ್ತೆ ಅಂತ ಊರಿನವರು ವರ್ಷಗಟ್ಟಲೆ ಹೋರಾಡಿದರು.

ಸುಧಾ ಅತ್ತೆ: ನೋಡಿದ್ರಾ? 105 ಅಡಿ ಅನ್ನೋದು ನಿಜ ತಾನೇ?

ಮಂಜು: ಕೈಗಾ ಅನ್ನೋದು ಸುಳ್ಳು ತಾನೇ?

ನಾನು: ಸ್ವಲ್ಪ ತಡೀರಿ, ಮುಖ್ಯವಾದದ್ದು ಇನ್ನು ಮುಂದೆ ಇದೆ. ಪೈಪ್ ಒಡೆದರೆ ಮೂರೇ ನಿಮಿಷದಲ್ಲಿ ಗ್ಯಾಸ್ ನಿಲ್ಲಿಸಬಹುದು ಅಂತ ಅಲ್ಲಿನ ಅಣು ನಿಯಂತ್ರಣ ಮಂಡಳಿ ಲೆಕ್ಕ ಹಾಕಿತ್ತು. ಆ ಲೆಕ್ಕ ಸರಿಯಿಲ್ಲ ಅಂತ 2020ರ ಫೆಬ್ರವರಿಯಲ್ಲಿ ಬಂದ ವರದಿ ಹೇಳಿತು. ವರದಿ ಕೊಟ್ಟಿದ್ದು ಮಂಡಳಿಯದೇ ಒಳ ತಪಾಸಣಾ ಅಧಿಕಾರಿ. ಮೂರು ನಿಮಿಷ ಅನ್ನೋದು ಎಷ್ಟು ದೂರದ ಮಾತು ನೋಡಿ. 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 30 ಇಂಚಿನ ಪೈಪ್ ಒಡೆದಾಗ ಗ್ಯಾಸ್ ನಿಲ್ಲಿಸೋಕೆ 95 ನಿಮಿಷ ಬೇಕಾಯಿತು. 8 ಜನ ಸತ್ತರು.

ಮಂಜು: ಹಾಗಾದ್ರೆ ಸ್ಥಾವರ ಮುಚ್ಚಿದ್ದು ಪೈಪಿನ ದೆಸೆಯಿಂದಲಾ? ಇದಕ್ಕೂ ಮೂಲ ಬೇಕು.

ನಾನು: ಅಲ್ಲ. ಮುಚ್ಚುವ ಒಪ್ಪಂದ 2017ರಲ್ಲೇ ಆಗಿತ್ತು. ಒಂದು ಘಟಕ 2020ರ ಏಪ್ರಿಲ್ 30ಕ್ಕೆ ನಿಂತಿತು, ಇನ್ನೊಂದು 2021ರ ಏಪ್ರಿಲ್ 30ಕ್ಕೆ. ತಪಾಸಣೆ ವರದಿ ಬಂದ ಮೇಲೆ ಮಂಡಳಿ ತಜ್ಞರ ತಂಡ ಕೂರಿಸಿತು. ಮೂರು ನಿಮಿಷ ಅನ್ನೋದು ತೀರಾ ಆಸೆಯ ಲೆಕ್ಕ ಅಂತ ಅವರೂ ಒಪ್ಪಿದರು. ಆದರೆ ಸ್ಥಾವರಕ್ಕೆ ಅಪಾಯವಿಲ್ಲ ಅಂದರು. ಎರಡನ್ನೂ ಓದಬೇಕು.

ದೊಡ್ಡಪ್ಪ: ಅಪಾಯವಿಲ್ಲದಿದ್ದರೆ ಇಷ್ಟು ಹೊತ್ತು ಯಾಕಪ್ಪ ಮಾತು?

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ರಿಯಾಕ್ಟರ್ ಕಟ್ಟಡದ ಕಾಂಕ್ರೀಟು ಬಲು ದಪ್ಪ. ಪಕ್ಕದ ಬೆಂಕಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಹೆದರಿಕೆ ಇರುವುದು ಹೊರಗಿನ ಸಾಮಾನಿಗೆ: ಕರೆಂಟು ತರುವ ಲೈನು, ಸ್ವಿಚ್‌ಯಾರ್ಡು, ಡೀಸೆಲ್ ಟ್ಯಾಂಕು, ನೀರೆತ್ತುವ ಪಂಪು. ರಿಯಾಕ್ಟರ್ ನಿಲ್ಲಿಸಿದ ಮೇಲೂ ಒಳಗಿನ ಇಂಧನ ಬಿಸಿ ಬಿಡುತ್ತಲೇ ಇರುತ್ತದೆ. ತಣ್ಣಗಿಡಲು ನೀರು ಬೇಕು, ನೀರಿಗೆ ಕರೆಂಟು ಬೇಕು. ನಾನು ಅವರಿಗೆ ನರೋರಾದ ಘಟನೆ ಬರೆದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ಆ ಸ್ಥಾವರದಲ್ಲಿ ಟರ್ಬೈನಿನ ರೆಕ್ಕೆ ಮುರಿದು ಹೈಡ್ರೋಜನ್ ಹೊತ್ತಿಕೊಂಡಿತು. ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರಕ್ಕೆ ಕರೆಂಟೇ ಇರಲಿಲ್ಲ. ಸಿಬ್ಬಂದಿ ಕತ್ತಲಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿ ವಾಲ್ವ್ ತಿರುಗಿಸಿದರು. ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದ ನೀರು ಕೊಟ್ಟು ಕಾಪಾಡಿದರು. ಅಲ್ಲಿ ಗ್ಯಾಸ್ ಪೈಪಿನ ಮಾತೇ ಇಲ್ಲ. ಆದರೆ ರಿಯಾಕ್ಟರಿನ ಹೊರಗೆ ಹತ್ತಿದ ಬೆಂಕಿ ಎಲ್ಲಿವರೆಗೆ ಮುಟ್ಟಬಹುದು ಅಂತ ಗೊತ್ತಾಗಲು ಅಷ್ಟು ಸಾಕು.

ದೊಡ್ಡಪ್ಪ: ಆ ಹುಡುಗರಿಗೆ ಕೈ ಮುಗಿಯಬೇಕು.

ಪುಟ್ಟಸ್ವಾಮಿ ಚಿಕ್ಕಪ್ಪ: ಅಮೆರಿಕಾ, ನರೋರಾ ಎಲ್ಲ ಆಯ್ತು. ನಮ್ಮ ತೆಂಗಿನ ತೋಟದ ಮೇಲೆ ಹೈಟೆನ್ಶನ್ ಲೈನ್ ಎಳೆದಾಗ ಯಾರೂ ಇಷ್ಟೊಂದು ಓದಲಿಲ್ಲ. ಅಣ್ಣ ಒಬ್ಬನೇ ಹೋಗಿ ಸಹಿ ಹಾಕಿ ಬಂದ.

ದೊಡ್ಡಪ್ಪ: ಅದು ಈಗ ಯಾಕೆ?

ಚಿಕ್ಕಪ್ಪ: ನಾಳೆ ಗ್ಯಾಸ್ ಪೈಪ್ ಬಂದರೂ ಹಾಗೇ ಆಗುತ್ತೆ, ಅದಕ್ಕೆ. ಹದಿನಾಲ್ಕು ಮರ ಹೋಯ್ತು. ಪರಿಹಾರ ಎಷ್ಟು ಬಂತು ಅಂತ ಇವತ್ತಿಗೂ ನನಗೆ ಲೆಕ್ಕ ಕೊಟ್ಟಿಲ್ಲ.

ಸುಧಾ ಅತ್ತೆ: ಹೆಣ್ಣುಮಕ್ಕಳಿಗಂತೂ ಕೇಳಲೇ ಇಲ್ಲ.

ರೂಪಕ್ಕ: ಆ ಸಾಲಲ್ಲಿ ಒಂದು ಗೆಂದಾಳೆ ಮರ ಇತ್ತು ಅಲ್ವಾ?

ಚಿಕ್ಕಪ್ಪನ ಮಾತನ್ನು ಹಳೇ ಜಗಳ ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಪೈಪಿಗೆ ಜಮೀನು ತೆಗೆದುಕೊಳ್ಳುವುದು 1962ರ ಕಾಯ್ದೆಯ ಕೆಳಗೆ. ಅದರಲ್ಲಿ ಜಮೀನು ರೈತನ ಹೆಸರಲ್ಲೇ ಉಳಿಯುತ್ತದೆ, ಬಳಸುವ ಹಕ್ಕು ಮಾತ್ರ ಹೋಗುತ್ತದೆ. ಪೈಪ್ ಹಾದುಹೋಗುವ ಆ ಜಾಗದಲ್ಲಿ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಹಕ್ಕಿಗೆ ಕೊಡುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10. ಬೆಳೆ, ಮರ ಹಾಳಾದರೆ ಅದಕ್ಕೆ ಬೇರೆ. ಇದನ್ನು ಗುಂಪಿಗೆ ಹಾಕಿದೆ. ಚಿಕ್ಕಪ್ಪ ಒಬ್ಬರೇ ಪೂರ್ತಿ ಓದಿದರು, ಎರಡು ಪ್ರಶ್ನೆಯನ್ನೂ ಕೇಳಿದರು.

ಮಂಜು: ಸರಿ. ಈಗ ಅತ್ತೆ ಮನೆಗೆ ಗ್ಯಾಸ್ ಬೇಕಾ ಬೇಡ್ವಾ? ಫಾರ್ವರ್ಡಲ್ಲಿ ಅದೇ ತಾನೇ ಇರೋದು.

ನಾನು: ಊರಿಂದೂರಿಗೆ ಹೋಗೋ ದೊಡ್ಡ ಪೈಪಿನ ಒತ್ತಡ ಬೇರೆ, ಅಡುಗೆಮನೆಗೆ ಬರೋದು ಬೇರೆ. ಮನೆಗೆ ಬರೋ ಹೊತ್ತಿಗೆ ಒತ್ತಡ ತೀರಾ ಕಡಿಮೆ ಆಗಿರುತ್ತೆ. ಅದು ಬಹುಪಾಲು ಮೀಥೇನ್, ತಾತನ ಡ್ರಮ್ಮಲ್ಲಿ ಉರಿಯುತ್ತಿದ್ದದ್ದೇ. ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತೆ. ಸಿಲಿಂಡರ್ ಗ್ಯಾಸ್ ನೆಲಕ್ಕೆ ಇಳಿದು ಕೂರುತ್ತೆ. ಅದಕ್ಕೆ ಅತ್ತೆ, ಅಡುಗೆಮನೆ ಮೇಲಿನ ಕಿಂಡಿ ಮುಚ್ಚಿಸಬೇಡಿ.

ಸುಧಾ ಅತ್ತೆ: ಜಿರಳೆ ಬರುತ್ತೆ ಅಂತ ಹೋದ ವರ್ಷವೇ ಮುಚ್ಚಿಸಿದೆ.

ನಾನು: ತೆಗೆಸಿ ಅತ್ತೆ, ದಯವಿಟ್ಟು. ಬೀದಿ ಅಗೆಯೋರನ್ನ ಮೂರು ಮಾತು ಕೇಳಿ. ನಮ್ಮ ಬೀದಿಯ ವಾಲ್ವ್ ಎಲ್ಲಿದೆ, ಸೋರಿದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಬಂದು ಮುಚ್ಚೋಕೆ ಎಷ್ಟು ಹೊತ್ತು ಹಿಡಿಯುತ್ತೆ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ನಗರಂನಲ್ಲಿ ತುಕ್ಕು ಹಿಡಿದ ಪೈಪ್ ಸೋರಿ ಹೊತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಅಣು ಸ್ಥಾವರ ಇರಲಿಲ್ಲ. ಮನೆಗಳಿದ್ದವು.

ಒಂದರ್ಧ ಗಂಟೆ ಆದ ಮೇಲೆ ಅತ್ತೆ ಗುಂಡಿಯ ಫೋಟೋ ಕಳಿಸಿದರು. ಅಗೆದ ಮಣ್ಣು, ಪಕ್ಕದಲ್ಲಿ ಸುರುಳಿ ಸುತ್ತಿದ ಪೈಪು, ಮೂಲೆಯಲ್ಲಿ ಅವರದೇ ಹೆಬ್ಬೆರಳು.

ಸುಧಾ ಅತ್ತೆ: ವಾಲ್ವ್ ತಿರುವಿನ ಹತ್ತಿರ ಬರುತ್ತಂತೆ. ಫೋನ್ ನಂಬರ್ ಆ ಹುಡುಗನಿಗೆ ಗೊತ್ತಿಲ್ಲ. ಸೂಪರ್‌ವೈಸರ್ ನಾಳೆ ಹತ್ತು ಗಂಟೆಗೆ ಬರ್ತಾರಂತೆ. ಮಂಜ, ನೀನು ಬಾ. ನಿನ್ನ ಪ್ರಶ್ನೆ ಎಲ್ಲ ಅವರಿಗೆ ಕೇಳು.

ಮಂಜು: ಒಂಬತ್ತೂವರೆಗೆ ಬರ್ತೀನಿ. ತಿಂಡಿ ಏನು?

ಚಿಕ್ಕಪ್ಪ: ತೋಟದ ಲೆಕ್ಕ ಏನಾಯ್ತು ಅಣ್ಣ?

ದೊಡ್ಡಪ್ಪ: ಕಾಗದ ಎಲ್ಲ ಬೀರುವಿನಲ್ಲಿದೆ. ಮುಂದಿನ ವಾರ ಮನೆಗೆ ಬಾ, ಕೂತು ನೋಡೋಣ. ಸುಧಾನೂ ಬರಲಿ.